ಶೇಕಡಾ ಎಷ್ಟು ಅನ್ನುವ ಮೊದಲು, ಯಾವುದರಲ್ಲಿ ಶೇಕಡಾ? ಟೈಟಾನಿಕ್ ಲೆಕ್ಕದ ಮೂಲಕ ಕೆಟಗರಿ ದತ್ತಾಂಶ ಕಲಿಯುವ ಸಮಗ್ರ ಮಾರ್ಗದರ್ಶಿ

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಹಿಮಬಂಡೆಗೆ ಬಡಿಯಿತು. ಮರುದಿನ ನಸುಕಿನಲ್ಲಿ ಮುಳುಗಿತು. ಬದುಕಿ ಬಂದವರಲ್ಲಿ ಅತಿ ದೊಡ್ಡ ಗುಂಪು ಹಡಗಿನ ಸಿಬ್ಬಂದಿಯದು. ಅದೇ ಹಡಗಿನಲ್ಲಿ ಬದುಕುಳಿದ ಪ್ರಮಾಣ ಅತಿ ಕಡಿಮೆ ಇದ್ದದ್ದೂ ಸಿಬ್ಬಂದಿಯಲ್ಲೇ.

ಎರಡೂ ಮಾತು ನಿಜ. ಎರಡೂ ಒಂದೇ ಪಟ್ಟಿಯಿಂದ ಬಂದವು. ವ್ಯತ್ಯಾಸ ಇಷ್ಟೇ: ಎರಡು ಸಲವೂ ಬೇರೆ ಬೇರೆ ಮೊತ್ತದಿಂದ ಭಾಗಿಸಿದ್ದಾರೆ. ಕೆಟಗರಿ ದತ್ತಾಂಶದಲ್ಲಿ, ಅಂದರೆ ಅಳೆಯದೆ ಗುಂಪು ಮಾಡಿ ಎಣಿಸುವ ಮಾಹಿತಿಯಲ್ಲಿ, ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕೂಡುವುದು, ಭಾಗಿಸುವುದು ಎಲ್ಲರಿಗೂ ಬರುತ್ತದೆ. ಯಾವುದರಿಂದ ಭಾಗಿಸಬೇಕು ಅನ್ನುವುದೇ ಕಷ್ಟ. ಅದಕ್ಕೇ ಈ ಇಡೀ ಬರಹದಲ್ಲಿ ಒಂದೇ ದತ್ತಾಂಶ ಹಿಡಿದು ಕೊನೆವರೆಗೂ ಹೋಗೋಣ. ಪೆನ್ನು, ಹಾಳೆ, ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇದ್ದರೆ ಇನ್ನೂ ಸುಲಭ.

ಯಾವುದು ಕೆಟಗರಿ, ಯಾವುದು ಅಲ್ಲ

ಎತ್ತರ, ತೂಕ, ಸಂಬಳ ಇವೆಲ್ಲ ಅಳತೆಗಳು. ಕೂಡಬಹುದು, ಸರಾಸರಿ ತೆಗೆಯಬಹುದು. ರಕ್ತದ ಗುಂಪು, ಮಾತೃಭಾಷೆ, ಮತ ಹಾಕಿದ ಪಕ್ಷ ಇವು ಹೆಸರುಗಳು. ಒಬ್ಬೊಬ್ಬರಿಗೂ ಒಂದೊಂದು ಹಣೆಪಟ್ಟಿ ಅಂಟಿಸಿದಂತೆ. ಇವನ್ನು ಎಣಿಸಬಹುದು, ಅಷ್ಟೇ.

ಅಂಕಿ ಕಂಡ ಕೂಡಲೇ ಅಳತೆ ಅಂದುಕೊಳ್ಳಬೇಡಿ. ಬೆಂಗಳೂರಿನ ಒಂದು ಪಿನ್ ಕೋಡ್ 560001, ಮೈಸೂರಿನ ಒಂದು ಪಿನ್ ಕೋಡ್ 570001. ಸರಾಸರಿ 565001. ಹಾಗಂದರೆ ಏನರ್ಥ? ಏನೂ ಇಲ್ಲ. ಬಸ್ಸಿನ ನಂಬರ್, ಆಧಾರ್ ಸಂಖ್ಯೆ, ಹಾಲ್ ಟಿಕೆಟ್ ನಂಬರ್ ಎಲ್ಲವೂ ಅಂಕಿಯ ವೇಷದಲ್ಲಿರುವ ಹೆಸರುಗಳೇ. ಸರಾಸರಿಗೆ ಅರ್ಥ ಬರುತ್ತದೆಯೇ ಅಂತ ನೋಡಿ. ಬರದಿದ್ದರೆ ಅದು ಕೆಟಗರಿ.

ಕೆಟಗರಿಯಲ್ಲೂ ಎರಡು ಬಗೆ. ಕೆಲವಕ್ಕೆ ಸಹಜವಾದ ಕ್ರಮ ಇರುತ್ತದೆ: ಮೊದಲ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ. ಕೆಲವಕ್ಕೆ ಇರುವುದಿಲ್ಲ: ಎ, ಬಿ, ಓ ರಕ್ತದ ಗುಂಪುಗಳು. ಚಿತ್ರ ಬರೆಯುವಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸಲು ಇದು ಬೇಕಾಗುತ್ತದೆ.

ಅಳತೆಯನ್ನು ಕೆಟಗರಿ ಮಾಡುವುದೂ ಉಂಟು. ಟೈಟಾನಿಕ್ ಪಟ್ಟಿಯಲ್ಲಿ ವಯಸ್ಸನ್ನು 'ಮಗು', 'ದೊಡ್ಡವರು' ಅಂತ ಎರಡೇ ತುಂಡು ಮಾಡಿದ್ದಾರೆ. ಎಣಿಸಲು ಸುಲಭ, ಆದರೆ 20ರ ಯುವಕ ಮತ್ತು 65ರ ಮುದುಕ ಒಂದೇ ಡಬ್ಬದಲ್ಲಿ ಬಿದ್ದರು. ಒಮ್ಮೆ ಹೀಗೆ ತುಂಡು ಮಾಡಿದರೆ ವಾಪಸ್ ಜೋಡಿಸಲು ಆಗುವುದಿಲ್ಲ. ನಿಮ್ಮದೇ ಸಮೀಕ್ಷೆ ಮಾಡುವಾಗ ಸಾಧ್ಯವಾದರೆ ನಿಜವಾದ ವಯಸ್ಸೇ ಬರೆಸಿಕೊಳ್ಳಿ. ತುಂಡು ಆಮೇಲೆ ಮಾಡಬಹುದು.

ಮೊದಲ ಹೆಜ್ಜೆ: ಪಟ್ಟಿ ಶುದ್ಧ ಮಾಡಿ, ಎಣಿಸಿ

ನಮ್ಮ ಲೆಕ್ಕ ಬ್ರಿಟನ್ನಿನ ಬೋರ್ಡ್ ಆಫ್ ಟ್ರೇಡ್ ದುರಂತದ ಬಗ್ಗೆ ಮಾಡಿಸಿದ ತನಿಖೆಯ ವರದಿಯಿಂದ ಬಂದದ್ದು. ಒಟ್ಟು 2201 ಜನ. ಪ್ರತಿಯೊಬ್ಬರ ಬಗ್ಗೆ ನಾಲ್ಕು ವಿಷಯ: ದರ್ಜೆ ಅಥವಾ ಸಿಬ್ಬಂದಿ, ಗಂಡು ಅಥವಾ ಹೆಣ್ಣು, ಮಗು ಅಥವಾ ದೊಡ್ಡವರು, ಬದುಕಿದರೇ ಇಲ್ಲವೇ. ಆರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇದು ಮೊದಲಿನಿಂದಲೇ ಇರುತ್ತದೆ. ಒಂದು ಎಚ್ಚರಿಕೆ: ಕ್ಯಾಗಲ್ ತಾಣದಲ್ಲಿ ಹೊಸಬರು ಅಭ್ಯಾಸಕ್ಕೆ ಬಳಸುವ ಟೈಟಾನಿಕ್ ಫೈಲ್ ಬೇರೆ. ಅದರಲ್ಲಿ 891 ಸಾಲು, ಬರೀ ಪ್ರಯಾಣಿಕರು, ಸಿಬ್ಬಂದಿ ಇಲ್ಲ. ಎರಡನ್ನೂ ಬೆರೆಸಿದರೆ ಶೇಕಡಾಗಳು ಹೊಂದುವುದಿಲ್ಲ.

ಇಂಥ ಸಿದ್ಧ ಪಟ್ಟಿ ಸಿಗುವುದು ಅದೃಷ್ಟ. ನೀವೇ ಜನರಿಂದ ತುಂಬಿಸಿಕೊಂಡ ಫಾರಂ ಆದರೆ ಒಬ್ಬರು '3ನೇ' ಅಂತ, ಇನ್ನೊಬ್ಬರು 'ಮೂರನೇ' ಅಂತ, ಮತ್ತೊಬ್ಬರು '3ನೆಯ' ಅಂತ ಬರೆದಿರುತ್ತಾರೆ. ಕಂಪ್ಯೂಟರ್‌ಗೆ ಇವು ಮೂರು ಗುಂಪು. ಪದದ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಹೊಸ ಗುಂಪೇ. ಹಾಗಾಗಿ ಎಣಿಸುವ ಮೊದಲು ಎಲ್ಲವನ್ನೂ ಒಂದೇ ರೀತಿ ಬರೆಯಿರಿ. ಆಮೇಲೆ ಎರಡು ವಿಷಯ ನೋಡಿಕೊಳ್ಳಿ. ಪ್ರತಿಯೊಬ್ಬರೂ ಒಂದು ಗುಂಪಿಗೆ ಸೇರಲೇಬೇಕು. ಒಂದಕ್ಕಿಂತ ಹೆಚ್ಚು ಗುಂಪಿಗೆ ಸೇರಬಾರದು. ಉತ್ತರ ಕೊಡದವರನ್ನು ಸುಮ್ನೆ ಬಿಟ್ಟುಬಿಡಬೇಡಿ. 'ಉತ್ತರ ಇಲ್ಲ' ಅಂತ ಅವರಿಗೂ ಒಂದು ಸಾಲು ಕೊಡಿ. ಎಷ್ಟೋ ಸಮೀಕ್ಷೆಗಳಲ್ಲಿ ಉತ್ತರ ಕೊಡದವರ ಸಂಖ್ಯೆಯೇ ಮುಖ್ಯ ಸುದ್ದಿ.

ಎಣಿಸಿದ ಮೇಲೆ ಬರುವುದು ಆವೃತ್ತಿ ಪಟ್ಟಿ:

| ಗುಂಪು | ಜನ | ಶೇಕಡಾ |
|---|---|---|
| ಮೊದಲ ದರ್ಜೆ | 325 | 14.8 |
| ಎರಡನೇ ದರ್ಜೆ | 285 | 12.9 |
| ಮೂರನೇ ದರ್ಜೆ | 706 | 32.1 |
| ಸಿಬ್ಬಂದಿ | 885 | 40.2 |
| ಒಟ್ಟು | 2201 | 100 |

ಶೇಕಡಾ ಕಾಲಂಗೆ ಲೆಕ್ಕ ಸರಳ. ಗುಂಪಿನ ಸಂಖ್ಯೆಯನ್ನು 2201ರಿಂದ ಭಾಗಿಸಿ 100ರಿಂದ ಗುಣಿಸಿ. ಒಟ್ಟು ಜನ ಎಷ್ಟು ಅನ್ನುವುದನ್ನು ಯಾವತ್ತೂ ಬಿಡಬೇಡಿ. 'ಶೇಕಡಾ 50 ಜನ ಒಪ್ಪಿದರು' ಅಂದರೆ ನಾಲ್ವರಲ್ಲಿ ಇಬ್ಬರೂ ಆಗಬಹುದು, ನಾಲ್ಕು ಸಾವಿರದಲ್ಲಿ ಎರಡು ಸಾವಿರವೂ ಆಗಬಹುದು. ದಶಾಂಶದ ನಂತರ ಒಂದು ಅಂಕಿ ಸಾಕು. 14.766 ಅಂತ ಬರೆದರೆ ಓದುವವರ ಕಣ್ಣಿಗೆ ಕಷ್ಟ, ಹೊಸ ಮಾಹಿತಿ ಏನೂ ಇಲ್ಲ. ಹೀಗೆ ಹತ್ತಿರದ ಅಂಕಿಗೆ ತಂದಾಗ ಮೊತ್ತ ಕೆಲವೊಮ್ಮೆ 99.9 ಅಥವಾ 100.1 ಬರುತ್ತದೆ. ಗಾಬರಿ ಬೇಡ, ಅಂಕಿ ತಿದ್ದುವುದೂ ಬೇಡ.

ಎರಡನೇ ಹೆಜ್ಜೆ: ಒಂದು ವಿಷಯದ ಚಿತ್ರ

ಒಂದೇ ವಿಷಯಕ್ಕೆ ಬಾರ್ ಚಾರ್ಟ್ ಸಾಕು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಇದನ್ನು ಬಳಕೆಗೆ ತಂದ. ಪೈ ಚಾರ್ಟ್ ಕೂಡ ಅವನದೇ, 1801ರಲ್ಲಿ. ಎರಡರಲ್ಲಿ ನನ್ನ ಓಟು ಬಾರ್‌ಗೆ. ನಮ್ಮ ಕಣ್ಣು ಉದ್ದ ಹೋಲಿಸುವಷ್ಟು ಚೆನ್ನಾಗಿ ಕೋನ ಹೋಲಿಸುವುದಿಲ್ಲ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ನಮ್ಮ ಪಟ್ಟಿಯಲ್ಲೇ ನೋಡಿ. ಪೈ ಬರೆದರೆ ಮೊದಲ ದರ್ಜೆಗೆ 53 ಡಿಗ್ರಿ, ಎರಡನೇ ದರ್ಜೆಗೆ 47 ಡಿಗ್ರಿ. ಯಾವುದು ದೊಡ್ಡದು ಅಂತ ಹೇಳಲು ಕಣ್ಣು ಕಿರಿದು ಮಾಡಬೇಕು. ಬಾರ್‌ನಲ್ಲಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಪರೀಕ್ಷೆಗೆ ಪೈ ಬೇಕೇ ಬೇಕು ಅಂದರೆ ಸೂತ್ರ ಇದು: ಗುಂಪಿನ ಸಂಖ್ಯೆ ÷ ಒಟ್ಟು × 360. ನಾಲ್ಕು ಕೋನಗಳು 53, 47, 115, 145. ಕೂಡಿದರೆ 360. ಪೈ ಬಳಸುವುದಾದರೆ ಎರಡೋ ಮೂರೋ ಗುಂಪು ಇದ್ದಾಗ ಬಳಸಿ. ಉದಾಹರಣೆಗೆ, ಬದುಕಿದವರು 711, ಸತ್ತವರು 1490. 'ಮೂರರಲ್ಲಿ ಒಂದು ಪಾಲು ಕೂಡ ಬದುಕಲಿಲ್ಲ' ಅನ್ನುವುದನ್ನು ಪೈ ಚೆನ್ನಾಗಿ ತೋರಿಸುತ್ತದೆ. ಮೂರು ಆಯಾಮದ, ವಾಲಿಸಿದ ಪೈ ಮಾತ್ರ ಎಂದೂ ಬೇಡ. ಮುಂದೆ ಇರುವ ತುಂಡು ಸುಮ್ಮನೆ ದೊಡ್ಡದಾಗಿ ಕಾಣುತ್ತದೆ.

ಬಾರ್ ಬರೆಯುವಾಗ ಎರಡು ಬಾರ್‌ಗಳ ನಡುವೆ ಜಾಗ ಬಿಡಿ. ಹಿಸ್ಟೋಗ್ರಾಂನಲ್ಲಿ ಮಾತ್ರ ಅಂಟಿಕೊಂಡಿರುತ್ತವೆ, ಏಕೆಂದರೆ ಅಲ್ಲಿ ಅಳತೆ ನಿರಂತರವಾಗಿ ಸಾಗುತ್ತದೆ. ಇಲ್ಲಿ ಎರಡನೇ ದರ್ಜೆಗೂ ಮೂರನೇ ದರ್ಜೆಗೂ ಮಧ್ಯೆ 'ಎರಡೂವರೆ ದರ್ಜೆ' ಇಲ್ಲ. ಗುಂಪುಗಳಿಗೆ ಸಹಜ ಕ್ರಮ ಇದ್ದರೆ ಅದೇ ಕ್ರಮ ಇಡಿ. ಇಲ್ಲದಿದ್ದರೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅಕಾರಾದಿ ಕ್ರಮ ಸಾಫ್ಟ್‌ವೇರ್‌ಗೆ ಅನುಕೂಲ, ಓದುವವರಿಗೆ ಅಲ್ಲ. ಕನ್ನಡದಲ್ಲಿ ಗುಂಪುಗಳ ಹೆಸರು ಉದ್ದ ಇರುವುದರಿಂದ ಬಾರ್‌ಗಳನ್ನು ಅಡ್ಡ ಮಲಗಿಸುವುದು ಒಳ್ಳೆಯದು. ಓರೆ ಅಕ್ಷರ ಓದಲು ಕತ್ತು ವಾಲಿಸಬೇಕಿಲ್ಲ.

ಇನ್ನು ಸೊನ್ನೆಯ ವಿಷಯ. ಬಾರ್‌ನ ಬುಡ ಸೊನ್ನೆಯಲ್ಲೇ ಇರಬೇಕು. ಮೊದಲ ದರ್ಜೆಯವರಲ್ಲಿ ಶೇಕಡಾ 62.5 ಜನ ಬದುಕಿದರು, ಸಿಬ್ಬಂದಿಯಲ್ಲಿ ಶೇಕಡಾ 24.0. ನಿಜವಾದ ವ್ಯತ್ಯಾಸ 2.6 ಪಟ್ಟು. ಯಾರಾದರೂ ಅಳತೆಗೋಲನ್ನು 20ರಿಂದ ಶುರು ಮಾಡಿದರೆ? ಒಂದು ಬಾರ್‌ನ ಎತ್ತರ 42.5, ಇನ್ನೊಂದರದು ಬರೀ 4. ಕಣ್ಣಿಗೆ ಹತ್ತು ಪಟ್ಟಿಗೂ ಜಾಸ್ತಿ ಕಾಣುತ್ತದೆ. ಒಂದೇ ಒಂದು ಅಂಕಿಯನ್ನೂ ಸುಳ್ಳು ಹೇಳದೆ ಸುಳ್ಳು ಹೇಳುವ ದಾರಿ ಇದು. ಚುನಾವಣೆ ಹತ್ತಿರ ಬಂದಾಗ ಟೀವಿ ಪರದೆಯ ಬಾರ್‌ಗಳ ಬುಡವನ್ನು ಒಮ್ಮೆ ನೋಡಿ, ಮಜಾ ಸಿಗುತ್ತದೆ.

ಮೂರನೇ ಹೆಜ್ಜೆ: ಎರಡು ವಿಷಯ ಒಟ್ಟಿಗೆ

ನಿಜವಾದ ಪ್ರಶ್ನೆ ಶುರುವಾಗುವುದು ಇಲ್ಲಿ. ದರ್ಜೆಗೂ ಬದುಕಿದ್ದಕ್ಕೂ ಸಂಬಂಧ ಇತ್ತೇ? ಎರಡು ವಿಷಯವನ್ನು ಒಟ್ಟಿಗೆ ಎಣಿಸಬೇಕು. ಒಂದನ್ನು ಅಡ್ಡಸಾಲಿಗೆ ಹಾಕಿ, ಇನ್ನೊಂದನ್ನು ಕಾಲಂಗೆ.

| ಗುಂಪು | ಬದುಕಿದವರು | ಸತ್ತವರು | ಒಟ್ಟು |
|---|---|---|---|
| ಮೊದಲ ದರ್ಜೆ | 203 | 122 | 325 |
| ಎರಡನೇ ದರ್ಜೆ | 118 | 167 | 285 |
| ಮೂರನೇ ದರ್ಜೆ | 178 | 528 | 706 |
| ಸಿಬ್ಬಂದಿ | 212 | 673 | 885 |
| ಒಟ್ಟು | 711 | 1490 | 2201 |

ಒಬ್ಬರಿಗೆ ಒಂದು ಸಾಲಿನಂತೆ ಪಟ್ಟಿ ಇದ್ದರೆ ಕೈಯಲ್ಲಿ ಎಣಿಸಬೇಕಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ಇನ್ಸರ್ಟ್ ಮೆನುವಿಗೆ ಹೋಗಿ ಪಿವಟ್ ಟೇಬಲ್ ಆರಿಸಿ. ರೋಸ್ ಜಾಗಕ್ಕೆ ದರ್ಜೆ, ಕಾಲಮ್ಸ್ ಜಾಗಕ್ಕೆ ಬದುಕಿದರೇ ಇಲ್ಲವೇ ಅನ್ನುವ ಕಾಲಂ, ವ್ಯಾಲ್ಯೂಸ್ ಜಾಗಕ್ಕೆ ಅವೆರಡರಲ್ಲಿ ಯಾವುದಾದರೂ ಒಂದನ್ನು ಹಾಕಿ. ಲೆಕ್ಕದ ಬಗೆ 'ಕೌಂಟ್‌ಎ' ಇರಲಿ. 'ಸಮ್' ಇದ್ದರೆ ಪದಗಳನ್ನು ಕೂಡಲು ಹೋಗಿ ಸೊನ್ನೆ ಕೊಡುತ್ತದೆ. ಎಕ್ಸೆಲ್‌ನಲ್ಲೂ ಹೆಚ್ಚುಕಡಿಮೆ ಇದೇ ದಾರಿ.

ಪಟ್ಟಿ ಬಂದ ಕೂಡಲೇ ಅಂಚು ನೋಡಿ. ಬಲಗಡೆಯ ಮೊತ್ತಗಳನ್ನು ಕೂಡಿದರೂ 2201, ಕೆಳಗಿನ ಮೊತ್ತಗಳನ್ನು ಕೂಡಿದರೂ 2201. ಹೊಂದದಿದ್ದರೆ ಮುಂದೆ ಹೋಗಬೇಡಿ. ಎಲ್ಲೋ ಖಾಲಿ ಕೋಶ ಇದೆ ಅಂತ ಅರ್ಥ.

ನಾಲ್ಕನೇ ಹೆಜ್ಜೆ: ಯಾವ ಶೇಕಡಾ?

ಇಲ್ಲಿ ನಿಧಾನವಾಗಿ ಓದಿ. 212 ಅನ್ನುವ ಒಂದು ಕೋಶ ತೆಗೆದುಕೊಳ್ಳಿ. ಬದುಕಿದ ಸಿಬ್ಬಂದಿ. ಅದನ್ನು ಮೂರು ಮೊತ್ತಗಳಿಂದ ಭಾಗಿಸಬಹುದು.

212 ÷ 2201 = ಶೇಕಡಾ 9.6. ಹಡಗಿನಲ್ಲಿದ್ದ ಎಲ್ಲರಲ್ಲಿ, ಸಿಬ್ಬಂದಿಯೂ ಆಗಿದ್ದು ಬದುಕಿಯೂ ಬಂದವರು ಇಷ್ಟು.

212 ÷ 711 = ಶೇಕಡಾ 29.8. ಬದುಕಿದವರಲ್ಲಿ ಸಿಬ್ಬಂದಿ ಇಷ್ಟು. ಅದೇ 711ರಲ್ಲಿ ಮೊದಲ ದರ್ಜೆ 28.6, ಎರಡನೇ ದರ್ಜೆ 16.6, ಮೂರನೇ ದರ್ಜೆ 25.0. ಸಿಬ್ಬಂದಿಯೇ ಮೊದಲ ಸ್ಥಾನ.

212 ÷ 885 = ಶೇಕಡಾ 24.0. ಸಿಬ್ಬಂದಿಯಲ್ಲಿ ಬದುಕಿದವರು ಇಷ್ಟು. ಮೊದಲ ದರ್ಜೆಯಲ್ಲಿ 62.5, ಎರಡನೇ ದರ್ಜೆಯಲ್ಲಿ 41.4, ಮೂರನೇ ದರ್ಜೆಯಲ್ಲಿ 25.2. ಸಿಬ್ಬಂದಿಯೇ ಕೊನೆಯ ಸ್ಥಾನ.

ಮೂರೂ ಲೆಕ್ಕ ಸರಿ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ದೋಣಿಯಿಂದ ಮೇಲೆ ಬಂದ ಒಬ್ಬರನ್ನು ಹಿಡಿದು 'ನೀವು ಯಾರು' ಅಂತ ಕೇಳಿದರೆ ಎರಡನೆಯದು ಬೇಕು. ಹಡಗು ಹತ್ತುವ ಮೊದಲು 'ನಾನು ಬದುಕುತ್ತೇನಾ' ಅಂತ ಕೇಳಿದರೆ ಮೂರನೆಯದು ಬೇಕು. ಬದುಕಿದವರಲ್ಲಿ ಸಿಬ್ಬಂದಿ ಜಾಸ್ತಿ ಇದ್ದದ್ದು ಅವರಿಗೆ ಒಳ್ಳೆಯ ಅವಕಾಶ ಸಿಕ್ಕಿತು ಅಂತಲ್ಲ. ಹಡಗಿನಲ್ಲಿ ಅವರೇ ಜಾಸ್ತಿ ಇದ್ದರು, ಅಷ್ಟೇ.

ಯಾವುದನ್ನು ಆರಿಸಬೇಕು? ಯಾವ ವಿಷಯ ಇನ್ನೊಂದರ ಮೇಲೆ ಪರಿಣಾಮ ಬೀರಿರಬಹುದು ಅಂತ ಯೋಚಿಸಿ. ದರ್ಜೆ ಮೊದಲು ಬಂತು, ಸಾವು ಬದುಕು ಆಮೇಲೆ. ಹಾಗಾಗಿ ದರ್ಜೆಯ ಮೊತ್ತಗಳಿಂದ ಭಾಗಿಸಿ, ಅಂದರೆ ಪ್ರತಿ ದರ್ಜೆಯೂ ತನ್ನೊಳಗೆ 100 ಆಗಬೇಕು. ಆಮೇಲೆ ದರ್ಜೆಗಳನ್ನು ಒಂದಕ್ಕೊಂದು ಹೋಲಿಸಿ. ಪಿವಟ್ ಟೇಬಲ್‌ನಲ್ಲಿ ಇದಕ್ಕೆ 'ಶೋ ಆಸ್' ಅನ್ನುವ ಆಯ್ಕೆ ಇದೆ. ಸಾಲಿನ ಶೇಕಡಾ, ಕಾಲಂನ ಶೇಕಡಾ, ಒಟ್ಟಿನ ಶೇಕಡಾ ಮೂರೂ ಸಿಗುತ್ತವೆ. ನಾವು ದರ್ಜೆಯನ್ನು ಅಡ್ಡಸಾಲಿಗೆ ಹಾಕಿದ್ದರಿಂದ ನಮಗೆ ಬೇಕಾದದ್ದು ಸಾಲಿನ ಶೇಕಡಾ.

ಬೇರೆಯವರ ಬರಹ ಓದುವಾಗ ವಾಕ್ಯದಲ್ಲಿ 'ಅಲ್ಲಿ', 'ಪೈಕಿ' ಎಲ್ಲಿವೆ ನೋಡಿ. 'ಅಪಘಾತ ಮಾಡಿದವರ ಪೈಕಿ ಯುವಕರು' ಬೇರೆ, 'ಯುವಕರ ಪೈಕಿ ಅಪಘಾತ ಮಾಡಿದವರು' ಬೇರೆ. ಮೊದಲನೆಯದನ್ನು ಬರೆದು ಎರಡನೆಯದನ್ನು ಸೂಚಿಸುವ ತಲೆಬರಹಗಳಿಗೆ ಬರ ಇಲ್ಲ.

ಶೇಕಡಾಗಳನ್ನು ಹೋಲಿಸುವಾಗ ಇನ್ನೊಂದು ಮಾತು. 62.5ಕ್ಕೂ 25.2ಕ್ಕೂ ಅಂತರ 37.3. ಇದನ್ನು 'ಶೇಕಡಾ 37.3 ಜಾಸ್ತಿ' ಅನ್ನಬೇಡಿ, '37.3 ಶೇಕಡಾ ಅಂಶದಷ್ಟು ಜಾಸ್ತಿ' ಅನ್ನಿ. ಭಾಗಿಸಿದರೆ 2.5 ಪಟ್ಟು. ಸಾವಿನ ಕಡೆಯಿಂದ ನೋಡಿದರೆ 74.8 ಮತ್ತು 37.5, ಅಂದರೆ 2 ಪಟ್ಟು. ಒಂದೇ ಪಟ್ಟಿಯಿಂದ 'ಬದುಕುವ ಪ್ರಮಾಣ ಎರಡೂವರೆ ಪಟ್ಟು' ಅಂತಲೂ 'ಸಾಯುವ ಪ್ರಮಾಣ ಎರಡು ಪಟ್ಟು' ಅಂತಲೂ ಬರೆಯಬಹುದು. ಪಟ್ಟು ಹೇಳಿದಾಗಲೆಲ್ಲ ಮೂಲ ಶೇಕಡಾಗಳನ್ನೂ ಪಕ್ಕದಲ್ಲೇ ಬರೆಯಿರಿ.

ಐದನೇ ಹೆಜ್ಜೆ: ಎರಡು ವಿಷಯದ ಚಿತ್ರ

ಇದಕ್ಕೆ ಮೂರು ದಾರಿ ಇವೆ. ಪಕ್ಕಪಕ್ಕದ ಬಾರ್‌ಗಳು, ಒಂದರ ಮೇಲೊಂದು ಪೇರಿಸಿದ ಬಾರ್‌ಗಳು, ಮೊಸಾಯಿಕ್.

ಪಕ್ಕಪಕ್ಕದ ಬಾರ್‌ನಲ್ಲಿ ಎಣಿಕೆ ಹಾಕಿದರೆ 673ರ ಬಾರ್ ಎಲ್ಲವನ್ನೂ ನುಂಗಿಬಿಡುತ್ತದೆ. ಗುಂಪುಗಳ ಗಾತ್ರ ಒಂದೇ ಇಲ್ಲದಾಗ ಶೇಕಡಾ ಹಾಕಿ. ಪೇರಿಸಿದ ಬಾರ್‌ನಲ್ಲಿ ಎಲ್ಲ ಬಾರ್‌ಗಳ ಎತ್ತರವನ್ನೂ 100 ಮಾಡಿ. ಆಗ ಪ್ರತಿ ದರ್ಜೆಯಲ್ಲಿ ಬದುಕಿದವರ ಪಾಲು ಎಷ್ಟು ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಬದುಕಿದವರನ್ನು ಬುಡದಲ್ಲಿ ಇಡಿ. ಬುಡದಲ್ಲಿರುವ ತುಂಡುಗಳನ್ನು ಮಾತ್ರ ಕಣ್ಣು ಸರಿಯಾಗಿ ಹೋಲಿಸುತ್ತದೆ.

ಆದರೆ ಹೀಗೆ 100 ಮಾಡಿದ ಕೂಡಲೇ ಒಂದು ಮಾಹಿತಿ ಮಾಯವಾಗುತ್ತದೆ: 285 ಜನರ ಗುಂಪೂ 885 ಜನರ ಗುಂಪೂ ಒಂದೇ ಅಗಲದ ಬಾರ್ ಆಗುತ್ತವೆ. ಮೊಸಾಯಿಕ್ ಚಿತ್ರ ಅದನ್ನು ಸರಿಮಾಡುತ್ತದೆ. ಇದಕ್ಕೆ ಕಂಪ್ಯೂಟರೇ ಬೇಕಿಲ್ಲ. ಹಾಳೆಯಲ್ಲಿ 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಚೌಕಟ್ಟು ಹಾಕಿ. ಅಗಲವನ್ನು ಜನರ ಪಾಲಿನಂತೆ ಹಂಚಿ: ಮೊದಲ ದರ್ಜೆಗೆ 3.0 ಸೆಂ.ಮೀ., ಎರಡನೇ ದರ್ಜೆಗೆ 2.6, ಮೂರನೆಯದಕ್ಕೆ 6.4, ಸಿಬ್ಬಂದಿಗೆ 8.0. ಈಗ ಪ್ರತಿ ಪಟ್ಟಿಯಲ್ಲೂ ಬುಡದಿಂದ ಬದುಕಿದವರ ಎತ್ತರ ಗುರುತಿಸಿ: 6.2, 4.1, 2.5, 2.4 ಸೆಂ.ಮೀ. ಆ ಭಾಗಕ್ಕೆ ಬಣ್ಣ ಹಾಕಿ. ಅಗಲ ನೋಡಿದರೆ ಎಷ್ಟು ಜನ ಇದ್ದರು ಗೊತ್ತಾಗುತ್ತದೆ, ಎತ್ತರ ನೋಡಿದರೆ ಎಷ್ಟು ಪಾಲು ಬದುಕಿದರು ಗೊತ್ತಾಗುತ್ತದೆ, ವಿಸ್ತೀರ್ಣ ನೋಡಿದರೆ ಎಷ್ಟು ಜನ ಬದುಕಿದರು ಗೊತ್ತಾಗುತ್ತದೆ. ಹಿಂದಿನ ಹೆಜ್ಜೆಯ ಮೂರು ಶೇಕಡಾಗಳ ಜಗಳ ಒಂದೇ ಚಿತ್ರದಲ್ಲಿ ಮುಗಿಯಿತು. ದರ್ಜೆಗೂ ಬದುಕಿಗೂ ಸಂಬಂಧವೇ ಇಲ್ಲದಿದ್ದರೆ ಬಣ್ಣದ ಗೆರೆ ನಾಲ್ಕೂ ಪಟ್ಟಿಯಲ್ಲಿ ಒಂದೇ ಎತ್ತರದಲ್ಲಿ, ಸುಮಾರು 3.2 ಸೆಂ.ಮೀ.ನಲ್ಲಿ, ನೇರವಾಗಿ ಸಾಗುತ್ತಿತ್ತು. ಇಲ್ಲಿ ಅದು ಮೆಟ್ಟಿಲಿನಂತೆ ಇಳಿಯುತ್ತದೆ.

ಆರನೇ ಹೆಜ್ಜೆ: ಮೂರನೇ ವಿಷಯ ತಂದು ನೋಡಿ

ಇಲ್ಲಿವರೆಗೆ ನಾವು ಹೇಳಿದ್ದು: ಮೂರನೇ ದರ್ಜೆಯಲ್ಲಿ ಶೇಕಡಾ 25.2 ಬದುಕಿದರು, ಸಿಬ್ಬಂದಿಯಲ್ಲಿ 24.0. ಅಂತರ ಚಿಕ್ಕದು, ಆದರೂ ಮೂರನೇ ದರ್ಜೆ ಒಂದು ಕೂದಲೆಳೆ ಮುಂದೆ. ಈಗ ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ. (ಮಕ್ಕಳು ಆಯಾ ಲಿಂಗದ ಲೆಕ್ಕದಲ್ಲೇ ಇದ್ದಾರೆ.)

| ಗುಂಪು | ಹೆಣ್ಣು: ಬದುಕಿದವರು / ಒಟ್ಟು | ಶೇಕಡಾ | ಗಂಡು: ಬದುಕಿದವರು / ಒಟ್ಟು | ಶೇಕಡಾ |
|---|---|---|---|---|
| ಮೊದಲ ದರ್ಜೆ | 141 / 145 | 97.2 | 62 / 180 | 34.4 |
| ಎರಡನೇ ದರ್ಜೆ | 93 / 106 | 87.7 | 25 / 179 | 14.0 |
| ಮೂರನೇ ದರ್ಜೆ | 90 / 196 | 45.9 | 88 / 510 | 17.3 |
| ಸಿಬ್ಬಂದಿ | 20 / 23 | 87.0 | 192 / 862 | 22.3 |

ಕೊನೆಯ ಎರಡು ಸಾಲು ನೋಡಿ. ಹೆಂಗಸರಲ್ಲಿ ಸಿಬ್ಬಂದಿ ಮುಂದೆ: 87.0, ಮೂರನೇ ದರ್ಜೆ 45.9. ಗಂಡಸರಲ್ಲೂ ಸಿಬ್ಬಂದಿಯೇ ಮುಂದೆ: 22.3, ಮೂರನೇ ದರ್ಜೆ 17.3. ಎರಡೂ ಕಡೆ ಸಿಬ್ಬಂದಿ ಗೆದ್ದರೂ ಒಟ್ಟು ಸೇರಿಸಿದಾಗ ಸಿಬ್ಬಂದಿ ಸೋಲುತ್ತದೆ! ಲೆಕ್ಕ ತಪ್ಪಿಲ್ಲ, ಬೇಕಾದರೆ ಮತ್ತೆ ಭಾಗಿಸಿ ನೋಡಿ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅಂತ ಹೆಸರು.

ಕಾರಣ ಗುಂಪಿನ ಒಳಗಿನ ಮಿಶ್ರಣದಲ್ಲಿದೆ. ಆ ರಾತ್ರಿ 'ಹೆಂಗಸರು, ಮಕ್ಕಳು ಮೊದಲು' ಅಂತ ದೋಣಿಗೆ ಹತ್ತಿಸಿದರು. ಹಡಗಿನಲ್ಲಿದ್ದ 20 ದೋಣಿಗಳಲ್ಲಿ ಒಟ್ಟು 1178 ಜನರಿಗಷ್ಟೇ ಜಾಗ, ಅದೂ ಪೂರ್ತಿ ತುಂಬಲಿಲ್ಲ. ಒಟ್ಟಾರೆ ಹೆಂಗಸರಲ್ಲಿ ಶೇಕಡಾ 73.2 ಬದುಕಿದರೆ ಗಂಡಸರಲ್ಲಿ 21.2. ಈಗ ಮೂರನೇ ದರ್ಜೆಯಲ್ಲಿ ಶೇಕಡಾ 27.8 ಹೆಂಗಸರು. ಸಿಬ್ಬಂದಿಯಲ್ಲಿ 885ಕ್ಕೆ 23 ಜನ, ಅಂದರೆ ಶೇಕಡಾ 2.6. ಹೀಗಾಗಿ ಸಿಬ್ಬಂದಿಯ 24.0 ಅನ್ನುವುದು ಹೆಚ್ಚುಕಡಿಮೆ ಬರೀ ಗಂಡಸರ ಶೇಕಡಾ. ಮೂರನೇ ದರ್ಜೆಯ 25.2ರಲ್ಲಿ ಹೆಂಗಸರ ಪಾಲು ಅದನ್ನು ಮೇಲೆತ್ತಿದೆ.

ಇದನ್ನು ಸರಿಗಟ್ಟಿ ನೋಡುವ ಒಂದು ಸುಲಭ ಲೆಕ್ಕ ಇದೆ. ಸಿಬ್ಬಂದಿಯಲ್ಲೂ ಮೂರನೇ ದರ್ಜೆಯಷ್ಟೇ ಹೆಂಗಸರು ಇದ್ದಿದ್ದರೆ? 87.0ರ ಶೇಕಡಾ 27.8 ಮತ್ತು 22.3ರ ಶೇಕಡಾ 72.2 ಕೂಡಿ. ಸುಮಾರು 40 ಬರುತ್ತದೆ. 24 ಎಲ್ಲಿ, 40 ಎಲ್ಲಿ! ಆದರೆ ಒಂದು ಎಚ್ಚರ: ಆ 87.0 ಬಂದದ್ದು ಬರೀ 23 ಜನರಿಂದ. ಇನ್ನಿಬ್ಬರು ಸತ್ತಿದ್ದರೆ 78.3 ಆಗುತ್ತಿತ್ತು. ಚಿಕ್ಕ ಗುಂಪಿನ ಶೇಕಡಾ ಸಣ್ಣ ಗಾಳಿಗೂ ಅಲ್ಲಾಡುತ್ತದೆ.

ಇದೇ ಪಟ್ಟಿಯಲ್ಲಿ ಇನ್ನೊಂದು ಅಚ್ಚರಿ ಇದೆ. ಎರಡನೇ ದರ್ಜೆಯ ಗಂಡಸರು (14.0) ಮೂರನೇ ದರ್ಜೆಯ ಗಂಡಸರಿಗಿಂತ (17.3) ಕೆಳಗಿದ್ದಾರೆ. ಮಕ್ಕಳನ್ನು ತೆಗೆದರೆ ಇನ್ನೂ ಕೆಳಗೆ: 168 ಜನರಲ್ಲಿ ಬದುಕಿದವರು 14, ಶೇಕಡಾ 8.3. 'ದುಡ್ಡಿದ್ದವರು ಬದುಕಿದರು' ಅನ್ನುವ ಒಂದೇ ವಾಕ್ಯದ ಕತೆ ಇಲ್ಲಿ ನಿಲ್ಲುವುದಿಲ್ಲ.

ಹಾಗಂತ ಎಲ್ಲ ಪಟ್ಟಿಯನ್ನೂ ಹತ್ತು ತುಂಡು ಮಾಡಬೇಕಾ? ಬೇಡ. ಎರಡೂ ವಿಷಯಕ್ಕೂ ಸಂಬಂಧ ಇರಬಹುದಾದ ಮೂರನೇ ವಿಷಯ ಯಾವುದು ಅಂತ ಯೋಚಿಸಿ, ಅದರಿಂದ ಮಾತ್ರ ತುಂಡು ಮಾಡಿ. ಇಲ್ಲಿ ಲಿಂಗಕ್ಕೂ ದರ್ಜೆಗೂ ಸಂಬಂಧ ಇತ್ತು, ಲಿಂಗಕ್ಕೂ ಬದುಕಿಗೂ ಸಂಬಂಧ ಇತ್ತು. ಹಾಗಾಗಿ ಅದು ಬೇಕಿತ್ತು.

ಏಳನೇ ಹೆಜ್ಜೆ: ಆಕಸ್ಮಿಕವೇ?

ಪಿಯುಸಿ, ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದುವವರಿಗೆ ಕೈ-ವರ್ಗ (ಕೈ-ಸ್ಕ್ವೇರ್, χ²) ಪರೀಕ್ಷೆ ಗೊತ್ತಿರುತ್ತದೆ. ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟದ್ದು. ಯೋಚನೆ ಸರಳ. ದರ್ಜೆಗೂ ಬದುಕಿಗೂ ಸಂಬಂಧವೇ ಇಲ್ಲದಿದ್ದರೆ ಪ್ರತಿ ಕೋಶದಲ್ಲಿ ಎಷ್ಟು ಜನ ಇರಬೇಕಿತ್ತು? ಸಾಲಿನ ಮೊತ್ತ × ಕಾಲಂನ ಮೊತ್ತ ÷ ಒಟ್ಟು. ಮೊದಲ ದರ್ಜೆಯಲ್ಲಿ 325 × 711 ÷ 2201 = 105 ಜನ ಬದುಕಬೇಕಿತ್ತು. ಬದುಕಿದ್ದು 203. ಸಿಬ್ಬಂದಿಯಲ್ಲಿ 286 ನಿರೀಕ್ಷೆ, ನಿಜಕ್ಕೂ ಬದುಕಿದ್ದು 212.

ಪ್ರತಿ ಕೋಶಕ್ಕೂ ಅಂತರವನ್ನು ವರ್ಗ ಮಾಡಿ, ನಿರೀಕ್ಷೆಯಿಂದ ಭಾಗಿಸಿ, ಎಂಟೂ ಕೋಶಗಳನ್ನು ಕೂಡಿ. 190.4 ಬರುತ್ತದೆ. ಸ್ವಾತಂತ್ರ್ಯದ ಮಟ್ಟ, ಅಂದರೆ ಅಂಚಿನ ಮೊತ್ತಗಳು ಗೊತ್ತಿದ್ದಾಗ ಸ್ವತಂತ್ರವಾಗಿ ಬದಲಾಗಬಲ್ಲ ಕೋಶಗಳ ಸಂಖ್ಯೆ, (4−1) × (2−1) = 3. ಶೇಕಡಾ 5ರ ಮಟ್ಟದಲ್ಲಿ ಗಡಿ 7.815, ಅಂದರೆ ಸಂಬಂಧವೇ ಇಲ್ಲದಿದ್ದರೆ ಈ ಮೊತ್ತ ಅದನ್ನು ದಾಟುವ ಸಾಧ್ಯತೆ ಶೇಕಡಾ 5 ಮಾತ್ರ. ನಮ್ಮದು ಅದರ ಎಷ್ಟೋ ಪಟ್ಟು. ಬರೀ ಆಕಸ್ಮಿಕ ಅನ್ನಲು ಸಾಧ್ಯವೇ ಇಲ್ಲ.

ಪರೀಕ್ಷೆಯಲ್ಲಿ ಅಂಕ ಬರುವುದು ಆ 190.4ಕ್ಕೆ. ನನಗೆ ಅದಕ್ಕಿಂತ ಕೋಶಗಳ ಅಂತರಗಳೇ ಇಷ್ಟ. 190.4ರಲ್ಲಿ 91.5 ಒಂದೇ ಕೋಶದಿಂದ ಬಂದಿದೆ: ಬದುಕಿದ ಮೊದಲ ದರ್ಜೆಯವರು. ಕತೆ ಎಲ್ಲಿದೆ ಅಂತ ಆ ಕೋಶವೇ ಬೆರಳು ತೋರಿಸುತ್ತದೆ. ಯಾವುದೇ ಕೋಶದ ನಿರೀಕ್ಷೆ 5ಕ್ಕಿಂತ ಕಡಿಮೆ ಇದ್ದರೆ ಈ ಪರೀಕ್ಷೆಯನ್ನು ನಂಬಬೇಡಿ, ಗುಂಪುಗಳನ್ನು ಸೇರಿಸಿ ಅಥವಾ ಫಿಶರ್‌ನ ನಿಖರ ಪರೀಕ್ಷೆ ಬಳಸಿ. ಮತ್ತೆ, ದೊಡ್ಡ ಪಟ್ಟಿಯಲ್ಲಿ ಸಣ್ಣ ಅಂತರಕ್ಕೂ ಈ ಪರೀಕ್ಷೆ 'ಸಂಬಂಧ ಇದೆ' ಅನ್ನುತ್ತದೆ. ಸಂಬಂಧ ಎಷ್ಟು ಗಟ್ಟಿ ಅಂತ ಹೇಳುವುದು ಶೇಕಡಾಗಳ ಅಂತರ, ಕೈ-ವರ್ಗ ಅಲ್ಲ.

ಬರೆಯುವಾಗ

'ದರ್ಜೆ ಮತ್ತು ಬದುಕುಳಿಯುವಿಕೆಯ ನಡುವೆ ಸಂಬಂಧ ಕಂಡುಬಂದಿದೆ' ಅಂತ ಬರೆದು ನಿಲ್ಲಿಸುವವರು ಬಹಳ. ಓದುವವರಿಗೆ ಇದರಿಂದ ಏನೂ ಸಿಗಲಿಲ್ಲ. ಹೀಗೆ ಬರೆಯಿರಿ: 'ಮೊದಲ ದರ್ಜೆಯ 325 ಜನರಲ್ಲಿ ಶೇಕಡಾ 62.5 ಬದುಕಿದರು, ಮೂರನೇ ದರ್ಜೆಯ 706 ಜನರಲ್ಲಿ ಶೇಕಡಾ 25.2. ಹೆಂಗಸರಲ್ಲಿ ಈ ಅಂತರ ಇನ್ನೂ ದೊಡ್ಡದು.' ಯಾರು, ಎಷ್ಟರಲ್ಲಿ ಎಷ್ಟು, ಯಾರಿಗೆ ಹೋಲಿಸಿದರೆ. ಈ ಮೂರೂ ಬರಬೇಕು.

'ಕಾರಣ' ಅನ್ನುವ ಪದ ಬಳಸುವ ಮೊದಲು ಪಟ್ಟಿಯ ಹೊರಗೆ ನೋಡಿ. ಮೂರನೇ ದರ್ಜೆಯ ಕೋಣೆಗಳು ಹೆಚ್ಚಾಗಿ ಕೆಳಗಿನ ಡೆಕ್‌ಗಳಲ್ಲಿದ್ದವು, ದೋಣಿಗಳು ಮೇಲಿನ ಡೆಕ್‌ನಲ್ಲಿ. ಇದು ಹಡಗಿನ ನಕ್ಷೆ ಹೇಳುವ ಮಾತು, ನಮ್ಮ ಪಟ್ಟಿ ಹೇಳುವುದಿಲ್ಲ.

ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ಈ 2201ರ ಲೆಕ್ಕದಲ್ಲಿ ಮೊದಲ ದರ್ಜೆಯ ಆರೂ ಮಕ್ಕಳು ಬದುಕಿದರು ಅಂತಿದೆ. ಆದರೆ ಮೊದಲ ದರ್ಜೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದ ಒಂದು ಪುಟ್ಟ ಹುಡುಗಿ ಅವರೊಂದಿಗೇ ತೀರಿಕೊಂಡಳು ಅನ್ನುವುದು ಇತಿಹಾಸದಲ್ಲಿ ದಾಖಲಾಗಿದೆ. ಬದುಕಿದವರ ಒಟ್ಟು ಸಂಖ್ಯೆಯೂ ಮೂಲದಿಂದ ಮೂಲಕ್ಕೆ ಸ್ವಲ್ಪ ಬದಲಾಗುತ್ತದೆ. 'ಶೇಕಡಾ 100' ಅಥವಾ 'ಸೊನ್ನೆ' ಕಂಡಾಗಲೆಲ್ಲ ಮೂಲ ದಾಖಲೆ ತೆಗೆದು ನೋಡುವುದು ಒಳ್ಳೆಯ ಅಭ್ಯಾಸ.

ನೀವೇ ಮಾಡಿ ನೋಡಲು

1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಹೆಂಗಸರಿಗೆ ಅನ್ಯಾಯವಾಯಿತೇ ಅನ್ನುವ ಪ್ರಶ್ನೆ ಎದ್ದಿತ್ತು. ಆರು ದೊಡ್ಡ ವಿಭಾಗಗಳ ಲೆಕ್ಕ ಇದು. ಪ್ರತಿ ಜೋಡಿಯಲ್ಲಿ ಮೊದಲನೆಯದು ಸೀಟು ಸಿಕ್ಕವರು, ಎರಡನೆಯದು ಅರ್ಜಿ ಹಾಕಿದವರು.

| ವಿಭಾಗ | ಗಂಡಸರು | ಹೆಂಗಸರು |
|---|---|---|
| ಎ | 512 / 825 | 89 / 108 |
| ಬಿ | 353 / 560 | 17 / 25 |
| ಸಿ | 120 / 325 | 202 / 593 |
| ಡಿ | 138 / 417 | 131 / 375 |
| ಇ | 53 / 191 | 94 / 393 |
| ಎಫ್ | 22 / 373 | 24 / 341 |

ಮೊದಲು ಎಲ್ಲ ವಿಭಾಗ ಕೂಡಿ ಶೇಕಡಾ ತೆಗೆಯಿರಿ: ಗಂಡಸರಿಗೆ 44.5, ಹೆಂಗಸರಿಗೆ 30.4 ಬಂದರೆ ನಿಮ್ಮ ಲೆಕ್ಕ ಸರಿ. ಆಮೇಲೆ ವಿಭಾಗವಾರು ತೆಗೆಯಿರಿ. ಎ ವಿಭಾಗದಲ್ಲಿ 62.1 ಮತ್ತು 82.4 ಬರಬೇಕು. ಮುಂದಿನ ಐದು ವಿಭಾಗ ನಿಮಗೇ ಬಿಟ್ಟದ್ದು. ಕೊನೆಗೆ ಭಾಜಕ ಬದಲಿಸಿ: ಅರ್ಜಿ ಹಾಕಿದ 1835 ಹೆಂಗಸರಲ್ಲಿ ಎ ಮತ್ತು ಬಿ ವಿಭಾಗಕ್ಕೆ ಹೋದವರು ಎಷ್ಟು, 2691 ಗಂಡಸರಲ್ಲಿ ಎಷ್ಟು ಅಂತ ನೋಡಿ. ಸೀಟು ಸುಲಭವಾಗಿ ಸಿಗುತ್ತಿದ್ದ ವಿಭಾಗಗಳು ಯಾವುವು ಅಂತ ಅದರ ಪಕ್ಕದಲ್ಲೇ ಬರೆದುಕೊಳ್ಳಿ.